ಟಿಕಳಿಯ ಹಿಂದಿನ ದೀಪ

ಕಲಾ ವಿಭಾಗದ ವಿದ್ಯಾರ್ಥಿಯಾದ ನಾನು ಮೋಟಾರು ಗಾಡಿಯ ಟೈರಿನ ವಿಷಯ ಬರೆಯ ಹೊರಟಿರುವುದನ್ನು ಕಂಡು ಗೆಳೆಯರು ನಕ್ಕಾರು. ನಗಲಿ. ಕಳೆದ ಚಳಿಗಾಲದಲ್ಲಿ ನಮ್ಮ ಮನೆಯ ಮೂವರ ಜೀವ ಒಂದು ಸಣ್ಣ ದೀಪದ ಮಾತನ್ನು ಕೇಳದೆ ಹೋದುದರಿಂದ ತೂಗುಯ್ಯಾಲೆಯಲ್ಲಿತ್ತಾದುದರಿಂದ, ಆ ದೀಪದ ಭಾಷೆಯನ್ನು ನಾನು ಕಷ್ಟಪಟ್ಟು ಕಲಿಯಬೇಕಾಯಿತು. ಕಲಿತದ್ದನ್ನು ಇಲ್ಲಿ ಹೇಳುತ್ತೇನೆ. ನಮ್ಮ ಅಧ್ಯಾಪಕರಲ್ಲಿಯೂ ಕಾರುಳ್ಳವರು ಇರುವರಷ್ಟೆ.

ಬ್ಯಾಡಗಿಯಲ್ಲಿರುವ ನನ್ನ ಸೋದರಮಾವ ಮೂರು ವರ್ಷದ ಹಿಂದೆ ಒಂದು ಹಳೆಯ ಕಾರನ್ನು ಕೊಂಡರು. ಅದರ ಮುಂಭಾಗದ ಫಲಕದಲ್ಲಿ, ವೇಗ ತೋರಿಸುವ ಮುಳ್ಳಿನ ಕೆಳಗೆ, ಕುದುರೆಯ ಲಾಳದಂಥ ಗುರುತೊಂದು ಹಳದಿ ಬಣ್ಣದಲ್ಲಿ ಹೊತ್ತಿಕೊಳ್ಳುವುದುಂಟು. ಅದರ ನಡುವೆ ಒಂದು ಆಶ್ಚರ್ಯಸೂಚಕ ಚಿಹ್ನೆ. ಅದು ಲಾಳವಲ್ಲ, ಅಡ್ಡಲಾಗಿ ಕೊಯ್ದ ಟೈರಿನ ಚಿತ್ರ. ಟೈರಿನಲ್ಲಿ ಗಾಳಿ ಕಡಿಮೆಯಾಗಿದೆ ಎಂದು ತಿಳಿಸುವ ಈ ಏರ್ಪಾಟಿಗೆ ಟಿ.ಪಿ.ಎಂ.ಎಸ್. ಎಂದು ಹೆಸರು. ಡಿಸೆಂಬರಿನಲ್ಲಿ ಇದು ಬೆಳಗಿನ ಜಾವ ಹೊತ್ತುವುದು, ಬಿಸಿಲೇರಿದ ಮೇಲೆ ಆರುವುದು. ಮಾಮಾ ಇದನ್ನು ನೋಡಿ, "ಇದಕ್ಕೂ ಥಂಡಿ ಆಗತೈತಿ ನೋಡೋ" ಎಂದು ನಕ್ಕುಬಿಡುತ್ತಿದ್ದರು. ಮುಂದೆ ಒಂದು ದಿನ ಅದು ಆರುವುದನ್ನೇ ಬಿಟ್ಟಿತು. ರಾತ್ರಿ ಕಣ್ಣಿಗೆ ಚುಚ್ಚುತ್ತದೆಂದು ಮಾಮಾ ಅತ್ತೆಯ ಟಿಕಳಿಯೊಂದನ್ನು ತಂದು ಅದರ ಮೇಲೆ ಅಂಟಿಸಿದರು. ದೀಪದ ಕಾಟ ತಪ್ಪಿತು.

ಜನವರಿಯಲ್ಲಿ ಅಜ್ಜಿಯ ಕಣ್ಣನ್ನು ತೋರಿಸಲು ದಾವಣಗೆರೆಗೆ ಹೊರಟೆವು. ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಹಿಡಿದ ಮೇಲೆ ಮಾಮಾ ವೇಗ ಹೆಚ್ಚಿಸಿದರು. ರಾಣೆಬೆನ್ನೂರು ಇನ್ನೂ ಮುಂದಿರುವಾಗಲೇ ಹಿಂದಿನ ಸೀಟಿನಲ್ಲಿದ್ದ ಅಜ್ಜಿ, "ಏನೋ ಸುಟ್ಟ ವಾಸನಿ ಬರಾಕತ್ತೈತಲೋ ತಮ್ಮಾ" ಎಂದಳು. ಮಾಮಾ, "ನಿನ್ನೆ ಮೆಣಸಿನಕಾಯಿ ಚೀಲ ಹಾಕಿದ್ವೆಲ್ಲಾ, ಅದರ ಘಾಟು ಬೇ" ಎಂದರು. ಬ್ಯಾಡಗಿಯವರಿಗೆ ಎಲ್ಲ ವಾಸನೆಗೂ ಇದೊಂದೇ ಸಮಾಧಾನ. ಅಜ್ಜಿ ಬಿಡಲಿಲ್ಲ. "ಮೆಣಸಿನಕಾಯಿ ಘಾಟು ನನಗ ಕಲಸಾಕ ಬರಬ್ಯಾಡ, ಗಾಡಿ ನಿಂದ್ರಸು" ಎಂದು ಗದರಿದಳು. ನಿಲ್ಲಿಸಿ ಇಳಿದು ನೋಡಿದರೆ ಎಡಗಡೆಯ ಹಿಂದಿನ ಟೈರು ಮುಟ್ಟಲಾರದಷ್ಟು ಬಿಸಿಯಾಗಿತ್ತು. ಅದರೊಳಗೊಂದು ಮೊಳೆ ಕೂತಿತ್ತು. ಸ್ಟೆಪ್ನಿ ಹಾಕಿಕೊಂಡು ನಿಧಾನವಾಗಿ ರಾಣೆಬೆನ್ನೂರಿಗೆ ಹೋದೆವು. ಅಲ್ಲಿನ ಪಂಕ್ಚರ್ ಅಂಗಡಿಯವನು ಗೇಜು ಹಿಡಿದ. ಮೂವತ್ತಮೂರು ಇರಬೇಕಾದ ಕಡೆ ಹದಿನಾಲ್ಕು! ಟೈರನ್ನು ಬಿಚ್ಚಿದಾಗ ಒಳಗಿನಿಂದ ಕಾಡಿಗೆಯಂಥ ಕಪ್ಪು ಪುಡಿ ಉದುರಿತು. "ಇದು ಟೈರಿನ ಪಕ್ಕದ ಗ್ವಾಡಿ ಸವದ ಪುಡಿರೀ. ಇದಕ್ಕ ಪಂಕ್ಚರ್ ಹಾಕಿ ಉಪಯೋಗ ಇಲ್ಲ, ಇನ್ನಷ್ಟು ಓಡಿಸಿದ್ರ ಒಡೀತಿತ್ತು" ಎಂದ.

ಗಾಳಿ ಕಡಿಮೆಯಾದ ಟೈರು ಒಡೆಯುವುದೇಕೆ ಎಂಬುದು ನನಗೆ ಮೊದಲು ತಿಳಿಯಲಿಲ್ಲ. ಹೆಚ್ಚಾದರೆ ಒಡೆಯಬೇಕಲ್ಲವೆ? ಗಾಡಿಯ ಭಾರವನ್ನು ಹೊರುವುದು ರಬ್ಬರಲ್ಲ, ಒಳಗಿನ ಗಾಳಿ. ಗಾಳಿ ಸಾಲದಾದಾಗ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚುತ್ತದೆ. ತಂತಿಯನ್ನು ಮುರಿಯಲು ನಾವು ಹಿಂದೆ ಮುಂದೆ ಬಗ್ಗಿಸುತ್ತೇವಲ್ಲ, ಬಗ್ಗಿದ ಜಾಗ ಬಿಸಿಯಾಗುತ್ತದಲ್ಲ, ಹಾಗೆಯೇ ಇಲ್ಲಿಯೂ. ಬಿಸಿಯೇರಿದಂತೆ ರಬ್ಬರು ಮತ್ತು ಒಳಗಿನ ದಾರದ ಪದರಗಳು ಒಂದನ್ನೊಂದು ಬಿಡುತ್ತವೆ. ಅಮೆರಿಕದಲ್ಲಿ ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳ ಫೈರ್‌ಸ್ಟೋನ್ ಟೈರುಗಳು ಹೀಗೆ ಪದರ ಬಿಚ್ಚಿಕೊಂಡು ಗಾಡಿಗಳು ಉರುಳಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಆ ಗಲಭೆಯಿಂದಲೇ 2000ದಲ್ಲಿ ಅಲ್ಲಿ ಕಾನೂನು ಬಂದು, ಮುಂದೆ ಎಲ್ಲ ಹೊಸ ಕಾರುಗಳಿಗೂ ಈ ದೀಪ ಕಡ್ಡಾಯವಾಯಿತು. ನಮ್ಮ ದೇಶದಲ್ಲಿ 2020ರ ನಿಯಮವೊಂದು, ಈ ದೀಪವೂ ಪಂಕ್ಚರ್ ಹಾಕುವ ಸಲಕರಣೆಯೂ ಇರುವ ಟ್ಯೂಬ್‌ಲೆಸ್ ಟೈರಿನ ಕಾರಿಗೆ ಸ್ಟೆಪ್ನಿಯೇ ಬೇಕಾಗಿಲ್ಲವೆಂದು ಹೇಳಿದೆ. ದಾರಿಯಲ್ಲಿ ನಿಂತು ಸ್ಟೆಪ್ನಿ ಹಾಕಿಕೊಂಡ ನನಗೆ ಈ ನಿಯಮ ಅಷ್ಟಾಗಿ ಹಿಡಿಸಿಲ್ಲ.

ಹಾಗಾದರೆ ದೀಪ ಸುಳ್ಳು ಹೇಳಿತೆ? ಮನೆಗೆ ಬಂದು ಕಾರಿನ ಕೈಪಿಡಿಯನ್ನು ಹುಡುಕಿದೆ. ಮುಂದಿನ ಡ್ರಾಯರಿನಲ್ಲಿ, ಟೋಲಿನ ಹಳೆಯ ಚೀಟಿಗಳ ಕೆಳಗೆ, ಕೈಪಿಡಿಯೂ ಸಿಕ್ಕಿತು, ಅದರ ಪಕ್ಕದಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಕಪ್ಪು ತುಂಡೊಂದೂ ಸಿಕ್ಕಿತು. ಅದಕ್ಕೊಂದು ಲೋಹದ ವಾಲ್ವು ಅಂಟಿಕೊಂಡಿತ್ತು. ಅದರ ಚಿತ್ರವೇ ಕೈಪಿಡಿಯಲ್ಲಿತ್ತು!

ಈ ಏರ್ಪಾಟಿನಲ್ಲಿ ಎರಡು ಬಗೆ. ಮೊದಲನೆಯದು ಗಾಳಿಯನ್ನು ನೇರವಾಗಿ ಅಳೆಯುವಂಥದು. ಪ್ರತಿ ಚಕ್ರದ ಒಳಗೂ ವಾಲ್ವಿಗೆ ಹೊಂದಿಕೊಂಡು ಒಂದು ಸೆನ್ಸರು ಇರುತ್ತದೆ. ಅದು ಒತ್ತಡವನ್ನೂ ಶಾಖವನ್ನೂ ಅಳೆದು ರೇಡಿಯೋ ಅಲೆಯ ಮೂಲಕ ತಿಳಿಸುತ್ತದೆ. ಪ್ರತಿಯೊಂದಕ್ಕೂ ಅದರದೇ ಗುರುತಿನ ಸಂಖ್ಯೆಯುಂಟು. ಒಳಗಿನ ಬ್ಯಾಟರಿ ಸಾಮಾನ್ಯವಾಗಿ ಐದರಿಂದ ಹತ್ತು ವರ್ಷ ಬಾಳುವುದು. ತೀರಿದರೆ ಸೆನ್ಸರನ್ನೇ ಬದಲಿಸಬೇಕು. ಎರಡನೆಯ ಬಗೆಗೆ ಸೆನ್ಸರೇ ಟೈರಿನಲ್ಲಿಲ್ಲ. ಚಕ್ಕಡಿಯ ಎರಡು ಗಾಲಿಗಳಲ್ಲಿ ಒಂದು ಚಿಕ್ಕದಾದರೆ ಅದೇ ದಾರಿಗೆ ಅದು ಹೆಚ್ಚು ಸುತ್ತು ಸುತ್ತಬೇಕಷ್ಟೆ. ಗಾಳಿ ಇಳಿದ ಟೈರೂ ತುಸು ಚಿಕ್ಕದಾಗಿ ಹೆಚ್ಚು ಸುತ್ತುವುದನ್ನು ಬ್ರೇಕಿನ ಯಂತ್ರ ಎಣಿಸಿ ಹೇಳುತ್ತದೆ. ಈ ಬಗೆಯ ಕಾರಿನಲ್ಲಿ ಗಾಳಿ ತುಂಬಿಸಿದ ಮೇಲೆ ಗುಂಡಿ ಒತ್ತಿ 'ಇದೇ ಸರಿಯಾದ ಅಳತೆ' ಎಂದು ಕಲಿಸಬೇಕು. ಕಲಿಸಲು ಮರೆತವರ ದೀಪ ಸುಮ್ಮನೆ ಉರಿಯುತ್ತದೆ. ಗಾಳಿ ತುಂಬಿಸದೆಯೇ ಗುಂಡಿ ಒತ್ತಿದವರದು ಇನ್ನೂ ಕೆಟ್ಟ ಸ್ಥಿತಿ. ತಪ್ಪು ಪಾಠವನ್ನು ಗಟ್ಟಿ ಮಾಡಿಕೊಂಡ ವಿದ್ಯಾರ್ಥಿಯಂತೆ ಅದು ಧೈರ್ಯವಾಗಿ ಸುಮ್ಮನಿರುತ್ತದೆ.

ಮಾಮಾನ ಕಾರು ಮೊದಲನೆಯ ಬಗೆಯದು. ಡ್ರಾಯರಿನಲ್ಲಿ ಸಿಕ್ಕದ್ದು ಅದೇ ಎಡ ಹಿಂದಿನ ಚಕ್ರದ ಸೆನ್ಸರು. ಕೇಳಿದರೆ ಮಾಮಾಗೆ ನೆನಪಾಯಿತು: ಡಿಸೆಂಬರಿನ ಕೊನೆಗೆ ಆ ಚಕ್ರದ ವಾಲ್ವು ಸೋರುತ್ತಿದ್ದಾಗ ಯಾವುದೋ ಅಂಗಡಿಯಲ್ಲಿ ಸಾದಾ ರಬ್ಬರು ವಾಲ್ವು ಹಾಕಿ, ಬಿಚ್ಚಿದ್ದನ್ನು ಪ್ರಾಮಾಣಿಕವಾಗಿ ಕೈಗೆ ಕೊಟ್ಟಿದ್ದರು. ಚಕ್ರದ ತೂಕ ಸರಿದೂಗಿಸುವ ಗುಂಡೆಂದು ತಿಳಿದು ಮಾಮಾ ಅದನ್ನು ಒಳಗಿಟ್ಟಿದ್ದರು.

ಇಲ್ಲಿ ದೀಪದ ವ್ಯಾಕರಣ ತಿಳಿಯಬೇಕು. ಅದು ಹೊತ್ತಿ ಸ್ಥಿರವಾಗಿ ನಿಂತರೆ ಗಾಳಿ ಕಡಿಮೆ ಎಂದರ್ಥ. ಗಾಡಿ ಚಾಲು ಮಾಡಿದಾಗ ಒಂದು ನಿಮಿಷದಷ್ಟು ಹೊತ್ತು ಮಿಟುಕಿ, ಆಮೇಲೆ ಸ್ಥಿರವಾಗಿ ನಿಂತರೆ, 'ನನಗೇ ರೋಗ ಬಂದಿದೆ, ನನ್ನನ್ನು ನಂಬಬೇಡ' ಎಂದರ್ಥ. ಬಹುತೇಕ ಕಾರುಗಳಲ್ಲಿ ಹೀಗೆಯೇ. ಡಿಸೆಂಬರಿನ ನಮ್ಮ ದೀಪ ಮೊದಲನೆಯ ಮಾತನ್ನೂ ಜನವರಿಯ ದೀಪ ಎರಡನೆಯ ಮಾತನ್ನೂ ಆಡುತ್ತಿತ್ತು. ಟಿಕಳಿಯ ಹಿಂದೆ ಮಿಟುಕಿದ್ದನ್ನು ಕಂಡವರಾರು?

ಬೆಳಿಗ್ಗೆ ಹೊತ್ತಿ ಮಧ್ಯಾಹ್ನ ಆರುವುದನ್ನು ಎಲ್ಲರೂ ಯಂತ್ರದ ಹುಚ್ಚೆಂದೇ ತಿಳಿಯುವುದರಿಂದ ಅದರ ಲೆಕ್ಕವನ್ನು ಹೇಳಲೇಬೇಕು. ಮುಚ್ಚಿದ ಪಾತ್ರೆಯ ಗಾಳಿ ತಣ್ಣಗಾದರೆ ಅದರ ಒತ್ತಡ ಇಳಿಯುವುದು. ಮಧ್ಯಾಹ್ನ 30 ಡಿಗ್ರಿಯಲ್ಲಿ 26 ಪಿ.ಎಸ್.ಐ. ಇದ್ದ ಟೈರು ಮುಂಜಾನೆ 15 ಡಿಗ್ರಿಯಲ್ಲಿ 24ಕ್ಕೆ ಬರುತ್ತದೆ. ಅಮೆರಿಕದ ನಿಯಮದಂತೆ, ಹೇಳಿದ ಒತ್ತಡಕ್ಕಿಂತ ಕಾಲುಭಾಗ ಕಡಿಮೆಯಾದರೆ ದೀಪ ಹೊತ್ತಬೇಕು; 33ರ ಟೈರಿಗೆ ಅದು ಹೆಚ್ಚುಕಡಿಮೆ 25. ಅಂದರೆ ಚಳಿ ಇಳಿಸಿದ್ದು ಎರಡೇ ಪಿ.ಎಸ್.ಐ.; ಉಳಿದ ಏಳು ಮೊದಲೇ ಸೋರಿ ಹೋಗಿತ್ತು. ಸರಿಯಾಗಿ 33 ತುಂಬಿದ ಟೈರಿನ ದೀಪವನ್ನು ಹೊತ್ತಿಸುವಷ್ಟು ಚಳಿ ನಮ್ಮ ಹಾವೇರಿ ಸೀಮೆಯಲ್ಲಿ ಬೀಳುವುದೇ ಇಲ್ಲ. ಬಿಸಿಲಿಗೆ ದೀಪ ಆರಿತೆಂದರೆ ಟೈರು ವಾಸಿಯಾಯಿತೆಂದಲ್ಲ.

ಹೀಗಾಗಿ ದೀಪ ಹೊತ್ತಿದಾಗ ಮೊದಲು ಅನುಮಾನಿಸಬೇಕಾದುದು ಟೈರನ್ನು, ಸೆನ್ಸರನ್ನಲ್ಲ. ಗಾಡಿ ರಾತ್ರಿಯೆಲ್ಲ ನಿಂತು ತಣ್ಣಗಿರುವಾಗ ನಾಲ್ಕನ್ನೂ ಸ್ವಂತ ಗೇಜಿನಿಂದ ಅಳೆಯಬೇಕು. ಓಡಿದ ಬಿಸಿ ಟೈರು ಮೂರು ನಾಲ್ಕು ಪಿ.ಎಸ್.ಐ. ಹೆಚ್ಚು ತೋರಿಸುತ್ತದೆ, ಅದನ್ನು ಕಂಡು ಗಾಳಿ ಬಿಡಬಾರದು. ಎಷ್ಟಿರಬೇಕೆಂಬುದು ಸಾಮಾನ್ಯವಾಗಿ ಚಾಲಕನ ಬಾಗಿಲಿನ ಕಂಬದ ಚೀಟಿಯಲ್ಲಿದೆ. ಟೈರಿನ ಮೇಲೆ ಅಚ್ಚಾಗಿರುವುದು ಮಿತಿಯ ಅಂಕಿ, ಅದನ್ನು ನೋಡಿ ತುಂಬಿಸುವುದು ತಪ್ಪು. ತುಂಬಿಸಿದ ಮೇಲೆ ಹತ್ತು ಹದಿನೈದು ನಿಮಿಷ ಓಡಿಸಬೇಕು, ಏಕೆಂದರೆ ನಿಂತ ಚಕ್ರದ ಸೆನ್ಸರು ಬ್ಯಾಟರಿ ಉಳಿಸಲು ನಿದ್ದೆ ಮಾಡುತ್ತಿರುತ್ತದೆ. ಆಮೇಲೂ ದೀಪ ಮಿಟುಕಿದರೆ ಇತ್ತೀಚೆಗೆ ಆ ಚಕ್ರವನ್ನು ಯಾರು ಬಿಚ್ಚಿದರು ಎಂದು ನೆನೆಯಬೇಕು. ಲಿವರ್ ಹಾಕಿ ಟೈರು ಬಿಚ್ಚುವಾಗ ಸೆನ್ಸರು ಒಡೆಯುವುದುಂಟು; ಪಂಕ್ಚರಿಗೆ ಸುರಿಯುವ ದ್ರವ ಅದರ ರಂಧ್ರವನ್ನು ಮುಚ್ಚುವುದೂ ಉಂಟು. ಅಂಗಡಿಯವನಿಗೆ ಮೊದಲೇ, "ಅಣ್ಣಾ, ವಾಲ್ವಿನ ಕಡೆ ಸೆನ್ಸರ್ ಐತಿ, ಹುಷಾರು" ಎಂದು ಹೇಳಿದರೆ ಅವನೇನೂ ಬೇಸರಪಡುವುದಿಲ್ಲ.

ಹೊಸ ಟೈರಿನೊಡನೆ ಡ್ರಾಯರಿನ ಸೆನ್ಸರನ್ನೇ, ವಾಲ್ವಿನ ಸವೆದ ವಾಷರು ಬದಲಿಸಿ, ಮತ್ತೆ ಹಾಕಿಸಿದೆವು. ಹಳೆಯ ಗುರುತಿನ ಸಂಖ್ಯೆಯೇ ಇದ್ದುದರಿಂದ ಕಾರಿಗೆ ಏನನ್ನೂ ಕಲಿಸಬೇಕಾಗಲಿಲ್ಲ. ಉಳಿದ ಮೂರು ಟೈರುಗಳೂ ಮೂವತ್ತರ ಕೆಳಗಿದ್ದವು, ತುಂಬಿಸಿದೆವು. ಮೋಟೆಬೆನ್ನೂರಿನವರೆಗೆ ಹೋಗಿ ಬರುವಷ್ಟರಲ್ಲಿ ದೀಪ ಆರಿತ್ತು. ಆರಿತೆಂದು ತಿಳಿದದ್ದು ಮಾಮಾ ಟಿಕಳಿಯನ್ನು ಉಗುರಿನಿಂದ ಕಿತ್ತ ಮೇಲೆ. ಅಂಟು ಮಾತ್ರ ಇನ್ನೂ ಹೋಗಿಲ್ಲ. ಈಗ ಭಾನುವಾರ ಬೆಳಿಗ್ಗೆ ಗೇಜು ಹಿಡಿದು ಹೋಗುವ ಕೆಲಸ ನನ್ನದು. ಬಲಗಡೆಯ ಮುಂದಿನ ಟೈರು ವಾರಕ್ಕೊಂದು ಪಿ.ಎಸ್.ಐ. ಇಳಿಯುತ್ತಿದೆ, ವಾಲ್ವಿಗೆ ಸೋಪಿನ ನೀರು ಹಚ್ಚಿ ನೋಡಬೇಕಾಗಿದೆ.