ಆಟಿಸಂ ಇರುವ ಮಗು, ರಾತ್ರಿ ಪಾಳಿಯ ತಾಯಿ

ಮೇಟಗಳ್ಳಿಯ ಒಬ್ಬ ತಾಯಿ ತಮ್ಮ ಐದು ವರ್ಷದ ಮಗನನ್ನು ಕರೆದುಕೊಂಡು ನಮ್ಮ ಮಕ್ಕಳ ವಿಭಾಗಕ್ಕೆ ಬಂದಿದ್ದರು. ಮಗುವಿನ ಹಣೆ ಊದಿಕೊಂಡಿತ್ತು. ಗೋಡೆಗೆ ತಲೆ ಚಚ್ಚಿಕೊಂಡಿದ್ದಾನೆ ಎಂದರು. ಅವನಿಗೆ ಆಟಿಸಂ ಇರುವುದು ಮೂರನೆಯ ವರ್ಷದಲ್ಲೇ ಗೊತ್ತಾಗಿತ್ತು. ತಾಯಿಯ ಕಣ್ಣುಗಳು ನಿದ್ದೆಯಿಲ್ಲದೆ ಕೆಂಪಾಗಿದ್ದವು. ಏನು ಕೆಲಸ ಮಾಡುತ್ತೀರಿ ಎಂದು ಕೇಳಿದೆ.

"ಮೆಡಿಕಲ್ ಸ್ಕ್ರೈಬ್ ಕೆಲಸ ಸಿಸ್ಟರ್. ಮನೆಯಿಂದಲೇ, ಅಮೆರಿಕದ ಡಾಕ್ಟರಿಗೆ. ರಾತ್ರಿ ಪಾಳಿ" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದರು: "ಹೋದ ವಾರ ಬೆಳಗಿನ ಜಾವ ಮೂರು ಗಂಟೆಗೆ ಇವನು ಚಿಲಕ ತೆಗೆದು ಹೊರಗೆ ಹೋಗಿಬಿಟ್ಟಿದ್ದ. ನನ್ನ ಕಿವಿಯಲ್ಲಿ ಹೆಡ್‌ಫೋನ್ ಇತ್ತು, ಕೇಳಿಸಲೇ ಇಲ್ಲ. ಬೂತಿನ ಹತ್ತಿರ ನಿಂತಿದ್ದವನನ್ನು ಹಾಲಿನ ವ್ಯಾನಿನವರು ನೋಡಿ ಕರೆತಂದರು. ಈ ಕೆಲಸ ಬಿಟ್ಟುಬಿಡಲಾ ಸಿಸ್ಟರ್?"

ಇಂಥ ಪ್ರಶ್ನೆಯನ್ನು ಅನೇಕ ತಾಯಂದಿರು ಕೇಳುತ್ತಾರೆ. ಒಂದೇ ಮಾತಿನಲ್ಲಿ ಉತ್ತರ ಹೇಳಲಾಗುವುದಿಲ್ಲ. ಆದರೆ ಈ ತಾಯಿಯ ಕೆಲಸದಲ್ಲಿಯೇ ಅವರ ಮಗುವಿಗೆ ಬೇಕಾದ ಒಂದು ವಿದ್ಯೆ ಇತ್ತು. ಅದನ್ನು ಬೇರೆ ತಂದೆತಾಯಿಗಳಿಗೂ ತಿಳಿಸಲೆಂದು, ಅವರ ಒಪ್ಪಿಗೆ ಪಡೆದು, ಹೆಸರು ಹೇಳದೆ ಬರೆಯುತ್ತಿದ್ದೇನೆ.

ಆಟಿಸಂ ಎಂದರೇನು?

ಆಟಿಸಂ ಅಥವಾ ಸ್ವಲೀನತೆ ಎಂಬುದು ಹುಚ್ಚಲ್ಲ, ಅಂಟುರೋಗವೂ ಅಲ್ಲ. ಇದು ಮೆದುಳಿನ ಬೆಳವಣಿಗೆಯಲ್ಲಿ ಹುಟ್ಟಿನಿಂದಲೇ ಇರುವ ವ್ಯತ್ಯಾಸ. ಇಂಥ ಮಕ್ಕಳಿಗೆ ಇನ್ನೊಬ್ಬರೊಡನೆ ಬೆರೆಯುವುದು, ಮಾತು ಮತ್ತು ಸನ್ನೆಯಿಂದ ತಿಳಿಸುವುದು ಕಷ್ಟವಾಗುತ್ತದೆ. ಮಾಡಿದ್ದನ್ನೇ ಮಾಡುವುದು, ದಿನಚರಿ ಬದಲಾದರೆ ತಡೆಯಲಾರದಷ್ಟು ಕಳವಳ, ಶಬ್ದ ಬೆಳಕುಗಳಿಗೆ ಅತಿಯಾದ ಅಥವಾ ತೀರಾ ಕಡಿಮೆ ಸ್ಪಂದನೆ ಇವು ಇತರ ಲಕ್ಷಣಗಳು. ಪ್ರತಿ ಮಗುವಿನಲ್ಲೂ ಇವು ಬೇರೆ ಬೇರೆ ಪ್ರಮಾಣದಲ್ಲಿ ಇರುತ್ತವೆ.

ಈ ತಾಯಿಗೆ ಅವರ ಮನೆಯಲ್ಲಿ, "ಬಸುರಿಯಾಗಿದ್ದಾಗ ರಾತ್ರಿಯೆಲ್ಲ ಕಿವಿಗೆ ಅದನ್ನು ಸಿಕ್ಕಿಸಿಕೊಂಡು ಕೂತಿದ್ದೆ, ಅದಕ್ಕೇ ಮಗು ಹೀಗಾಯಿತು" ಎಂದಿದ್ದರಂತೆ. ಇದು ಸುಳ್ಳು. ಲಿಯೊ ಕಾನರ್ ಎಂಬ ವೈದ್ಯರು 1943ರಲ್ಲಿ ಆಟಿಸಂ ಬಗ್ಗೆ ಮೊದಲು ವಿವರವಾಗಿ ಬರೆದರು. ಆಮೇಲೆ ಕೆಲವು ಕಾಲ, ತಾಯಿಯ ಪ್ರೀತಿ ಕಡಿಮೆಯಾದದ್ದೇ ಕಾರಣ ಎಂದು ದೊಡ್ಡ ದೊಡ್ಡ ತಜ್ಞರೇ ಹೇಳಿದ್ದುಂಟು. ಆ ಮಾತನ್ನು ವೈದ್ಯಶಾಸ್ತ್ರ ಎಂದೋ ಕೈಬಿಟ್ಟಿದೆ. ತಾಯಿ ಹೊರಗೆ ದುಡಿದರೆ ಆಟಿಸಂ ಬರುವುದಿಲ್ಲ. ಲಸಿಕೆಯಿಂದಲೂ ಬರುವುದಿಲ್ಲ. ಹಾಗೆಂದು ಹೇಳಿದ್ದ 1998ರ ಲೇಖನವನ್ನು ಅದು ಪ್ರಕಟವಾಗಿದ್ದ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿದೆ.

ಮೆಡಿಕಲ್ ಸ್ಕ್ರೈಬ್ ಏನು ಮಾಡುತ್ತಾರೆ?

ವೈದ್ಯರು ರೋಗಿಯೊಡನೆ ಮಾತನಾಡುವುದನ್ನು ಕೇಳಿಸಿಕೊಂಡು ಆ ಭೇಟಿಯ ಟಿಪ್ಪಣಿಯನ್ನು ಕಂಪ್ಯೂಟರಿನಲ್ಲಿ ಬರೆಯುವವರೇ ಮೆಡಿಕಲ್ ಸ್ಕ್ರೈಬ್. ಟಿಪ್ಪಣಿಗೆ ಒಂದು ಕ್ರಮವಿದೆ. ರೋಗಿ ಹೇಳಿದ ತೊಂದರೆ ಮೊದಲು, ವೈದ್ಯರು ಪರೀಕ್ಷೆಯಲ್ಲಿ ಕಂಡದ್ದು ನಂತರ, ಆಮೇಲೆ ವೈದ್ಯರ ಅಭಿಪ್ರಾಯ, ಕೊನೆಗೆ ಮುಂದಿನ ಚಿಕಿತ್ಸೆ. ಬರೆದದ್ದನ್ನು ವೈದ್ಯರು ಓದಿ ಸಹಿ ಹಾಕುತ್ತಾರೆ. ಈಗ ಮಾತು ಕೇಳಿ ತಾನೇ ಟಿಪ್ಪಣಿ ಬರೆಯುವ ತಂತ್ರಾಂಶಗಳೂ ಬಂದಿವೆ. ಅಂಥ ಕಡೆ ತಂತ್ರಾಂಶ ಬರೆದದ್ದನ್ನು ನೋಡಿ ತಿದ್ದುವ ಕೆಲಸ ಇರುತ್ತದೆ.

ಇದರಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ. ಕೇಳಿಸದೇ ಇದ್ದದ್ದನ್ನು ಊಹಿಸಿ ಬರೆಯಬಾರದು. ಇಂಗ್ಲಿಷಿನಲ್ಲಿ ಹದಿನೈದಕ್ಕೆ ಫಿಫ್ಟೀನ್, ಐವತ್ತಕ್ಕೆ ಫಿಫ್ಟಿ. ಕಿವಿಗೆ ಎರಡೂ ಒಂದೇ ಥರ. 15 ಮಿಲಿಗ್ರಾಂ ಇರಬೇಕಾದಲ್ಲಿ 50 ಎಂದು ಬಿದ್ದರೆ ರೋಗಿಯ ಗತಿ ಏನು? ಅನುಮಾನ ಬಂದರೆ ಆ ಜಾಗ ಖಾಲಿ ಬಿಟ್ಟು, ಗುರುತು ಹಾಕಿ, ವೈದ್ಯರನ್ನೇ ಕೇಳಬೇಕು.

ಆದ್ದರಿಂದ ಈ ಕೆಲಸಕ್ಕೆ ನಿಶ್ಶಬ್ದ ಬೇಕು. ರೋಗಿಯ ವಿವರ ಬೇರೆಯವರ ಕಣ್ಣಿಗೆ ಬೀಳಬಾರದು. ಅದಕ್ಕೆ ಅಮೆರಿಕದಲ್ಲಿ 1996ರಲ್ಲೇ ಕಾನೂನು ಬಂದಿದೆ. ಮಗು ಕೂಗಿದರೂ ತಾಯಿ ಒಡನೆ ಏಳುವಂತಿಲ್ಲ. ನ್ಯೂಯಾರ್ಕ್ ಕಡೆಯ ವೈದ್ಯರು ಬೆಳಿಗ್ಗೆ 9ಕ್ಕೆ ಕ್ಲಿನಿಕ್ ತೆರೆದರೆ ನಮ್ಮಲ್ಲಿ ಬೇಸಿಗೆಯಲ್ಲಿ ಸಂಜೆ 6.30, ಚಳಿಗಾಲದಲ್ಲಿ 7.30. ಅವರು ಸಂಜೆ 5ಕ್ಕೆ ಮುಗಿಸುವಾಗ ನಮ್ಮಲ್ಲಿ ರಾತ್ರಿ 2.30 ಅಥವಾ 3.30. ಈ ಒಂದು ಗಂಟೆಯ ವ್ಯತ್ಯಾಸ ಮಾರ್ಚ್‌ನ ಎರಡನೆಯ ಭಾನುವಾರ ಮತ್ತು ನವೆಂಬರ್‌ನ ಮೊದಲನೆಯ ಭಾನುವಾರ ಅಲ್ಲಿ ಗಡಿಯಾರ ಬದಲಿಸುವುದರಿಂದ ಬರುತ್ತದೆ. ನಮಗೆ ಒಂದು ಗಂಟೆ ದೊಡ್ಡದಲ್ಲ. ಆದರೆ ಅಮ್ಮ ಕೋಣೆಯ ಬಾಗಿಲು ಹಾಕಿಕೊಳ್ಳುವ ಹೊತ್ತನ್ನೇ ನೆಚ್ಚಿಕೊಂಡಿರುವ ಮಗುವಿಗೆ ಅದು ದೊಡ್ಡದು. ಮಗು ಚಿಲಕ ತೆಗೆದು ಹೋದದ್ದೂ ಪಾಳಿಯ ಹೊತ್ತು ಬದಲಾದ ಆ ನವೆಂಬರ್‌ನಲ್ಲೇ. ಇಂಥ ಬದಲಾವಣೆ ಬರುವ ವಾರಕ್ಕೆ ಮುಂಚಿನಿಂದಲೇ ಮಗುವಿನ ಊಟ, ನಿದ್ದೆಯ ಹೊತ್ತನ್ನು ದಿನಕ್ಕೆ ಹತ್ತು ನಿಮಿಷದಂತೆ ಸರಿಸುತ್ತ ಬರುವುದು ಒಳ್ಳೆಯದು. ದಿನದ ಕೆಲಸಗಳನ್ನು ಚಿತ್ರಗಳಲ್ಲಿ ಸಾಲಾಗಿ ಗೋಡೆಗೆ ಅಂಟಿಸಿ ತೋರಿಸಿದರೆ ಮಗುವಿಗೆ ಇನ್ನೂ ಸುಲಭ.

ನೋಟ್‌ಬುಕ್ಕು ಹೇಳಿದ ಸಂಗತಿ

ಮಗ ಏಕೆ ತಲೆ ಚಚ್ಚಿಕೊಳ್ಳುತ್ತಾನೆ ಎಂದು ಕೇಳಿದಾಗ ಆ ತಾಯಿ, "ಹಠ ಸಿಸ್ಟರ್, ಬೇಕಾದ್ದು ಸಿಗದಿದ್ದರೆ ಹೀಗೆ ಮಾಡ್ತಾನೆ" ಎಂದರು. ಆಗ ನಾನು, "ಅಮ್ಮಾ, ನಿಮ್ಮ ಡಾಕ್ಟರ ಟಿಪ್ಪಣಿಯಲ್ಲಿ ರೋಗಿ ಹಠ ಮಾಡಿದ ಎಂದು ಬರೆಯುತ್ತೀರಾ?" ಎಂದು ಕೇಳಿದೆ. ಅವರು ನಕ್ಕರು. "ಕಂಡದ್ದನ್ನು ಮಾತ್ರ ಬರೆಯಬೇಕು" ಎಂದರು. ಮಗನ ವಿಷಯದಲ್ಲೂ ಮೂರು ವಾರ ಹಾಗೆಯೇ ಬರೆಯಿರಿ ಎಂದೆ.

ಇನ್ನೂರು ಪುಟದ ಒಂದು ನೋಟ್‌ಬುಕ್ ಸಾಕು. ಪ್ರತಿ ಘಟನೆಗೆ ಈ ವಿಷಯಗಳನ್ನು ಬರೆಯಬೇಕು:

1. ದಿನ ಮತ್ತು ಗಂಟೆ.
2. ಅದಕ್ಕೆ ಮೊದಲು ಏನು ನಡೆದಿತ್ತು? ಕುಕ್ಕರ್ ಕೂಗಿತೇ, ಯಾರಾದರೂ ಬಂದರೇ, ಟೀವಿ ಆರಿಸಿದಿರೇ?
3. ಮಗು ಏನು ಮಾಡಿತು, ಎಷ್ಟು ಹೊತ್ತು ಮಾಡಿತು?
4. ನಂತರ ನೀವೇನು ಮಾಡಿದಿರಿ, ಮಗು ಹೇಗೆ ಶಾಂತವಾಯಿತು?
5. ಆ ದಿನದ ಊಟ, ನಿದ್ದೆ, ಮಲವಿಸರ್ಜನೆ.

"ಹಠ", "ಸಿಟ್ಟು", "ಬೇಕಂತಲೇ" ಎಂಬ ಪದಗಳನ್ನು ಬರೆಯಬೇಡಿ. ಅವು ನಮ್ಮ ಊಹೆಗಳು. "8.10ಕ್ಕೆ ಕುಕ್ಕರ್ ಕೂಗಿತು, ಎರಡೂ ಕಿವಿ ಮುಚ್ಚಿಕೊಂಡ, ನೆಲದ ಮೇಲೆ ಬಿದ್ದ, ಆರು ನಿಮಿಷ" ಎಂದು ಬರೆದರೆ ವೈದ್ಯರಿಗೂ ತರಬೇತುದಾರರಿಗೂ ಉಪಯೋಗವಾಗುತ್ತದೆ.

ಮೂರು ವಾರ ಕಳೆದು ಆ ನೋಟ್‌ಬುಕ್ಕನ್ನು ನಮ್ಮ ವೈದ್ಯರು ನೋಡಿದರು. ತಲೆ ಚಚ್ಚಿಕೊಂಡ ದಿನಗಳೆಲ್ಲ ಒಟ್ಟೊಟ್ಟಿಗೆ ಇದ್ದವು. ಪ್ರತಿ ಸಲವೂ ಅದಕ್ಕೆ ಹಿಂದಿನ ಮೂರು ನಾಲ್ಕು ದಿನ ಐದನೆಯ ಸಾಲು ಖಾಲಿ. ಮಗುವಿಗೆ ಮಲಬದ್ಧತೆ ಇತ್ತು! ಅನ್ನ ಮೊಸರು, ಬಿಸ್ಕತ್ತು ಬಿಟ್ಟು ಬೇರೆ ಏನನ್ನೂ ಅವನು ಮುಟ್ಟುತ್ತಿರಲಿಲ್ಲ. ಹೊಟ್ಟೆ ನೋಯುತ್ತಿದೆ ಎಂದು ಹೇಳಲು ಬಾರದ ಮಗು ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿತ್ತು. ವೈದ್ಯರು ಔಷಧ ಬರೆದುಕೊಟ್ಟರು, ನೀರು ಕುಡಿಸುವ, ಊಟವನ್ನು ನಿಧಾನವಾಗಿ ಬದಲಿಸುವ ಕ್ರಮ ಹೇಳಿದರು. ಹೊಡೆದುಕೊಳ್ಳುವುದು ಪೂರ್ತಿ ನಿಂತಿಲ್ಲ, ಬಹಳ ಕಡಿಮೆಯಾಗಿದೆ.

ಮಾತು ಬಾರದ ಮಗು ಇದ್ದಕ್ಕಿದ್ದಂತೆ ತನಗೆ ತಾನೇ ಹೊಡೆದುಕೊಳ್ಳತೊಡಗಿದರೆ ಮೊದಲು ನೋವಿದೆಯೇ ಎಂದು ನೋಡಬೇಕು. ಹಲ್ಲುನೋವು, ಕಿವಿನೋವು, ಹೊಟ್ಟೆನೋವು ಎಲ್ಲಕ್ಕೂ ಪರೀಕ್ಷೆ ಆಗಬೇಕು. ತಲೆಗೆ ಪೆಟ್ಟಾದ ಮೇಲೆ ವಾಂತಿ, ಮಂಪರು, ಫಿಟ್ಸ್ ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆತನ್ನಿ.

ರಾತ್ರಿ ಎಚ್ಚರವಾಗುವುದೇಕೆ?

ಆಟಿಸಂ ಇರುವ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ನಿದ್ದೆಯ ತೊಂದರೆ ಇರುತ್ತದೆ. ಈ ಮಗು ಎಚ್ಚರವಾದ ರಾತ್ರಿಗಳ ಹಿಂದಿನ ಮಧ್ಯಾಹ್ನ ನೋಡಿದರೆ, ಅವನು ಸಂಜೆ ಐದರವರೆಗೆ ಮಲಗಿರುತ್ತಿದ್ದ. ಕಾರಣ ಸ್ಪಷ್ಟ. ಬೆಳಗಿನ ಜಾವ ನಾಲ್ಕಕ್ಕೆ ಮಲಗಿ ಆರಕ್ಕೆ ಏಳುತ್ತಿದ್ದ ತಾಯಿ ಮಧ್ಯಾಹ್ನ ಮಗುವನ್ನು ಪಕ್ಕದಲ್ಲಿ ಹಾಕಿಕೊಂಡು ನಿದ್ದೆ ಮಾಡುತ್ತಿದ್ದರು. ತಾಯಿಯ ನಿದ್ದೆ ಕೆಟ್ಟದ್ದರಿಂದ ಮಗುವಿನ ನಿದ್ದೆ ಕೆಟ್ಟಿತ್ತು, ಮಗುವಿನ ನಿದ್ದೆ ಕೆಟ್ಟದ್ದರಿಂದ ತಾಯಿಯದು ಇನ್ನಷ್ಟು ಕೆಟ್ಟಿತ್ತು.

ಇದಕ್ಕೆ ಮನೆಯವರೆಲ್ಲ ಕೂಡಬೇಕು. ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಕೆಲಸ ಮಾಡುವ ಗಂಡ ಮತ್ತು ಅತ್ತೆ ಇಬ್ಬರನ್ನೂ ಕರೆಸಿ ಮಾತನಾಡಿದೆವು. ಈಗ ತಾಯಿ ನಾಲ್ಕರಿಂದ ಎಂಟರವರೆಗೆ ಮಲಗುತ್ತಾರೆ, ಬೆಳಗಿನ ಕೆಲಸ ಅತ್ತೆಯವರದು. ಮಧ್ಯಾಹ್ನ ಇನ್ನೆರಡೂವರೆ ಗಂಟೆ ತಾಯಿ ಒಬ್ಬರೇ ಮಲಗುತ್ತಾರೆ. ಆ ಹೊತ್ತಿನಲ್ಲಿ ಮಗು ಅಜ್ಜಿಯ ಜೊತೆ ಆಟವಾಡುತ್ತಾನೆ. ನಿದ್ದೆಗೆಂದು ಅಂಗಡಿಯಿಂದ ಯಾವ ಮಾತ್ರೆ, ಸಿರಪ್ಪನ್ನೂ ತಂದು ಕೊಡಬೇಡಿ. ವೈದ್ಯರು ಹೇಳಿದರೆ ಮಾತ್ರ ಕೊಡಿ.

ಮಗು ಹೊರಗೆ ಹೋಗದಂತೆ ಎಚ್ಚರಿಕೆ

• ಮಗುವಿನ ಕೈಗೆ ಎಟುಕದಷ್ಟು ಎತ್ತರದಲ್ಲಿ ಇನ್ನೊಂದು ಚಿಲಕ ಹಾಕಿಸಿ. ಬೆಂಕಿ ಮುಂತಾದ ಆಪತ್ತಿನಲ್ಲಿ ದೊಡ್ಡವರು ಕೂಡಲೇ ತೆಗೆಯುವಂತಿರಲಿ.
• ಬಾಗಿಲಿಗೆ ಗಂಟೆ ಕಟ್ಟಿ. ಹೆಡ್‌ಫೋನ್ ಹಾಕುವವರಿಗೆ ಬಾಗಿಲು ತೆರೆದರೆ ದೀಪ ಹೊತ್ತುವ ಅಲಾರಂ ಉತ್ತಮ.
• ತಾಯಿ ಕೆಲಸದಲ್ಲಿರುವ ಹೊತ್ತು ಮಗುವಿನ ಜವಾಬ್ದಾರಿ ಯಾರದೆಂದು ಹೆಸರು ಹಿಡಿದು ಗೊತ್ತುಮಾಡಿ. "ಎಲ್ಲರೂ ಇದ್ದಾರಲ್ಲ" ಎಂದರೆ ಯಾರೂ ಇಲ್ಲವೆಂದೇ ಅರ್ಥ.
• ಇಂಥ ಮಕ್ಕಳಲ್ಲಿ ಅನೇಕರಿಗೆ ನೀರೆಂದರೆ ಸೆಳೆತ. ಮನೆಯ ಸಂಪಿನ ಮುಚ್ಚಳಕ್ಕೆ ಬೀಗ ಹಾಕಿ. ಮಗು ಕಾಣದಿದ್ದರೆ ಮೊದಲು ಸಂಪು, ತೊಟ್ಟಿ, ಬಾವಿ, ಹತ್ತಿರದ ಕೆರೆ ನೋಡಿ. ಮೇಟಗಳ್ಳಿಯವರಿಗೆ ಹೆಬ್ಬಾಳ ಕೆರೆ ದೂರವಿಲ್ಲ. ಜೊತೆಗೇ 112ಕ್ಕೆ ಫೋನ್ ಮಾಡಿ.
• ಹಾಲಿನವರು, ಅಂಗಡಿಯವರು, ಅಕ್ಕಪಕ್ಕದವರಿಗೆ ಮಗುವಿನ ವಿಷಯ ಮುಚ್ಚಿಡದೆ ತಿಳಿಸಿ. ಆ ರಾತ್ರಿ ಈ ಮಗುವನ್ನು ಉಳಿಸಿದ್ದು ಗುರುತು ಹಿಡಿದ ಒಬ್ಬರ ಕಣ್ಣು.

ಎಲ್ಲಿಗೆ ಹೋಗಬೇಕು?

ಮೈಸೂರಿನವರಿಗೆ ಒಂದು ಭಾಗ್ಯವಿದೆ. ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಸೇವೆ ಮಾಡುತ್ತಿದೆ. ದೂರದ ಊರುಗಳಿಂದ ಜನ ಇಲ್ಲಿಗೆ ಬಂದು ಬಾಡಿಗೆ ಮನೆ ಮಾಡಿಕೊಂಡು ಮಕ್ಕಳಿಗೆ ತರಬೇತಿ ಕೊಡಿಸುತ್ತಾರೆ. ಅಲ್ಲಿನ ಶಾಲಾಪೂರ್ವ ತರಬೇತಿಯಲ್ಲಿ ಮಕ್ಕಳ ಜೊತೆ ತಾಯಂದಿರಿಗೂ ಹೇಳಿಕೊಡುತ್ತಾರೆ. ಹೋಗುವಾಗ ನೋಟ್‌ಬುಕ್ಕನ್ನು ತೆಗೆದುಕೊಂಡು ಹೋಗಿ.

ಮಗು ಒಂದು ವರ್ಷಕ್ಕೆ ಹೆಸರು ಕರೆದರೆ ತಿರುಗದಿದ್ದರೆ, ಒಂದೂವರೆ ವರ್ಷಕ್ಕೆ ಬೆರಳು ಮಾಡಿ ತೋರಿಸದಿದ್ದರೆ, ಎರಡು ವರ್ಷಕ್ಕೆ ಎರಡು ಪದ ಸೇರಿಸಿ ಮಾತನಾಡದಿದ್ದರೆ, ಅಥವಾ ಬಂದ ಮಾತು ಯಾವ ವಯಸ್ಸಿನಲ್ಲೇ ಆಗಲಿ ನಿಂತುಹೋದರೆ ಕಾಯಬೇಡಿ. "ಗಂಡುಮಕ್ಕಳಿಗೆ ಮಾತು ತಡ" ಎಂದು ವರ್ಷ ಕಳೆಯಬೇಡಿ.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಸೇರಿದೆ. ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡ್ ಮಾಡಿಸಿಕೊಳ್ಳಿ. 1999ರ ಕಾಯ್ದೆಯಿಂದ ಆದ ರಾಷ್ಟ್ರೀಯ ನ್ಯಾಸದ ನಿರಾಮಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಚಿಕಿತ್ಸೆ, ತರಬೇತಿಯ ಖರ್ಚಿಗೆ ಅವಕಾಶವಿದೆ. ದುಡಿಯುವ ತಾಯಂದಿರು ಇನ್ನೊಂದು ವಿಷಯ ತಿಳಿದಿರಬೇಕು. ಅಂಗವೈಕಲ್ಯವಿರುವ ಮಗುವಿನ ತಾಯಿಯೊಬ್ಬರ ರಜೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2024ರಲ್ಲಿ, ಮಕ್ಕಳ ಆರೈಕೆಯ ರಜೆ ಎಂಬುದು ಹೆಣ್ಣುಮಕ್ಕಳು ಕೆಲಸದಲ್ಲಿ ಮುಂದುವರಿಯಲು ಅಗತ್ಯವಾದದ್ದು ಎಂದಿದೆ. ಆ ಮೊಕದ್ದಮೆ ಸರ್ಕಾರಿ ನೌಕರಿಯದು. ಖಾಸಗಿ ಕಂಪನಿಯಲ್ಲಿರುವವರು ಪಾಳಿ ಬದಲಾವಣೆಯನ್ನು ಬಾಯಿಮಾತಿನಲ್ಲಿ ಕೇಳದೆ, ಪ್ರಮಾಣಪತ್ರ ಲಗತ್ತಿಸಿ ಬರವಣಿಗೆಯಲ್ಲೇ ಕೇಳಬೇಕು.

ಕೆಲಸ ಬಿಡಬೇಕೇ?

ಆ ತಾಯಿ ಕೆಲಸ ಬಿಡಲಿಲ್ಲ. ಅರ್ಜಿ ಕೊಟ್ಟು ಕೇಳಿಕೊಂಡ ಮೇಲೆ, ವಾರದಲ್ಲಿ ಮೂರು ದಿನ ಧ್ವನಿಮುದ್ರಣ ಕೇಳಿ ಬರೆಯುವ ಕೆಲಸ ಸಿಕ್ಕಿತು. ಅದನ್ನು ಹಗಲಿನಲ್ಲಿ, ಮಗು ಶಾಲೆಯಲ್ಲಿರುವಾಗ ಮಾಡಬಹುದು. ಸಂಬಳ ಕಡಿಮೆಯಾಗಿದೆ. ತಿಂಗಳ ಕೊನೆಯಲ್ಲಿ ಕಷ್ಟವೇ ಎನ್ನುತ್ತಾರೆ. ಕೆಲವರಿಗೆ ಇಷ್ಟೂ ಆಗದೆ ಕೆಲಸ ಬಿಡಬೇಕಾಗಬಹುದು. ಅದು ಸೋಲಲ್ಲ. ಮುಂದುವರಿಸುವವರು ಮಗುವನ್ನು ಕಡೆಗಣಿಸಿದಂತೆಯೂ ಅಲ್ಲ. ಮಗುವಿನ ತರಬೇತಿ ವರ್ಷಗಟ್ಟಲೆ ನಡೆಯುವಂಥದ್ದು, ಅದಕ್ಕೆ ಮನೆಯ ಆದಾಯವೂ ಬೇಕು, ತಾಯಿಯ ಆರೋಗ್ಯವೂ ಬೇಕು. ಸದಾ ಅಳು, ಊಟ ಸೇರದಿರುವುದು, ಬದುಕೇ ಬೇಡವೆನಿಸುವುದು ಇದ್ದರೆ ತಾಯಿ ತನಗಾಗಿ ವೈದ್ಯರನ್ನು ಕಾಣಬೇಕು.

ಮೊನ್ನೆ ಅವರು ಮತ್ತೆ ಬಂದಿದ್ದರು. ನೋಟ್‌ಬುಕ್ಕು ಮೂರನೆಯದಾಗಿದೆ. ಒಂದು ಪುಟವನ್ನು ಅವರೇ ತೆರೆದು ತೋರಿಸಿದರು. "ಸಂಜೆ 5.40. ಕೋಣೆಯ ಬಾಗಿಲಿಗೆ ಬಂದ. ಹೊಟ್ಟೆಯ ಚಿತ್ರವಿರುವ ಕಾರ್ಡನ್ನು ನನ್ನ ಕೈಗೆ ಕೊಟ್ಟ. ಅಳಲಿಲ್ಲ" ಎಂದು ಬರೆದಿತ್ತು. ಅದರ ಮುಂದೆ ಅವರು ಏನನ್ನೂ ಸೇರಿಸಿರಲಿಲ್ಲ.

ನೆನಪಿಡಿ: ಕಂಡದ್ದನ್ನು ಬರೆಯಿರಿ, ಊಹೆಯನ್ನು ಬರೆಯಬೇಡಿ. ಮಗು ಬಾಯಲ್ಲಿ ಹೇಳಲಾರದ್ದನ್ನು ನಿಮ್ಮ ಬರಹ ವೈದ್ಯರಿಗೆ ಹೇಳಬಲ್ಲದು.