ಹಸಿರು ಶಾಲು ಯಾರ ಹೆಗಲಿಗೆ?

ತಪ್ಪು ಕಲ್ಪನೆ: ಹಸಿರು ಶಾಲಿನ ಕರ್ನಾಟಕ ರಾಜ್ಯ ರೈತ ಸಂಘದ ಕಾಲ ಮುಗಿಯಿತು.

ವಾಸ್ತವ: ಸಂಘ ಬಣಗಳಾಗಿ ಒಡೆದಿದೆ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ 2020ರಲ್ಲಿ ಭೂ ಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದು ಕೃಷಿಕರಲ್ಲದವರಿಗೂ ಜಮೀನು ಕೊಳ್ಳಲು ದಾರಿ ಮಾಡಿದಾಗ, ದಲಿತ ಮತ್ತು ಕಾರ್ಮಿಕ ಸಂಘಟನೆಗಳ ಜೊತೆ ಬೀದಿಗಿಳಿದವರು ಈ ಸಂಘದವರೇ. 2023ರಲ್ಲಿ ಮೇಲುಕೋಟೆ ವಿಧಾನಸಭಾ ಕ್ಷೇತ್ರದಿಂದ ರೈತ ಚಳವಳಿಯ ಪಕ್ಷವಾದ ಸರ್ವೋದಯ ಕರ್ನಾಟಕದ ದರ್ಶನ್ ಪುಟ್ಟಣ್ಣಯ್ಯ ಗೆದ್ದರು, ಕಾಂಗ್ರೆಸ್ ಬೆಂಬಲದೊಂದಿಗೆ.

ತಪ್ಪು ಕಲ್ಪನೆ: ಚುನಾವಣೆಗೆ ನಿಂತದ್ದೇ ಚಳವಳಿಯನ್ನು ಕೆಡಿಸಿತು.

ವಾಸ್ತವ: ಸಂಘದ ನಾಯಕರಾಗಿದ್ದ ಬಾಬಾಗೌಡ ಪಾಟೀಲರು ಬಿಜೆಪಿ ಸೇರಿ ಕೇಂದ್ರದಲ್ಲಿ ಮಂತ್ರಿಯಾದಾಗ ಕಾರ್ಯಕರ್ತರು ನೊಂದರು. ಆದರೂ ನನ್ನ ಮಟ್ಟಿಗೆ ದೊಡ್ಡ ನಷ್ಟ ಬೇರೆ: ಗ್ರಾಮ ಘಟಕಗಳು ಸೊರಗಿದ್ದು. 1980ರ ದಶಕದಲ್ಲಿ, ಅಪ್ಪಣೆಯಿಲ್ಲದೆ ಅಧಿಕಾರಿಗಳು ಒಳಬರಕೂಡದೆಂದು ಊರ ಬಾಗಿಲಲ್ಲಿ ಫಲಕ ನೆಟ್ಟದ್ದು ಆ ಘಟಕಗಳು. ಸಾಲಕ್ಕೆಂದು ಜಪ್ತಿಯಾದ ಪಾತ್ರೆ, ಪಂಪ್‌ಸೆಟ್ಟುಗಳನ್ನು ಊರವರೆಲ್ಲ ಸೇರಿ ಹೋಗಿ ಮರುಜಪ್ತಿ ಮಾಡಿ ತರುತ್ತಿದ್ದರು. ಬೆಂಗಳೂರಿನ ಪತ್ರಿಕಾಗೋಷ್ಠಿಯಿಂದ ಆ ಕೆಲಸ ಆಗುವುದಿಲ್ಲ.

ತಪ್ಪು ಕಲ್ಪನೆ: ಹೊಸದಾಗುವುದೆಂದರೆ ಸಂಘವನ್ನು ಮುನ್ನಡೆಸಿದ ಎಂ.ಡಿ. ನಂಜುಂಡಸ್ವಾಮಿಯವರ ದಾರಿ ಬಿಡುವುದು.

ವಾಸ್ತವ: ದಾರಿ ಬದಲಿಸುತ್ತ ಹೋದವರು ಅವರೇ. ನರಗುಂದ, ನವಲಗುಂದದಲ್ಲಿ ನೀರಾವರಿ ಜಮೀನಿನ ಮೇಲಿನ ಅಭಿವೃದ್ಧಿ ಕರದ ವಿರುದ್ಧ ಎದ್ದ ಸಿಟ್ಟಿನ ಬೆನ್ನಿಗೆ ಹುಟ್ಟಿದ ಸಂಘವನ್ನು, 1992ರ ಹೊತ್ತಿಗೆ ಬಹುರಾಷ್ಟ್ರೀಯ ಬೀಜ ಕಂಪನಿ ಕಾರ್ಗಿಲ್ ಎದುರು, ಬಿತ್ತನೆ ಬೀಜದ ಹಕ್ಕಿನ ಪ್ರಶ್ನೆಗೆ ತಂದು ನಿಲ್ಲಿಸಿದರು.

ತಪ್ಪು ಕಲ್ಪನೆ: ಪಹಣಿಯಲ್ಲಿ ಹೆಸರಿದ್ದವನೇ ರೈತ.

ವಾಸ್ತವ: ಸಂಘ ಮೊದಲು ಕಳಚಬೇಕಾದದ್ದು ಈ ಕಲ್ಪನೆಯನ್ನು. ನಾಟಿ, ಕಳೆ, ಕಟಾವು, ಹಟ್ಟಿಯ ಕೆಲಸ ಮಾಡುವ ಹೆಂಗಸಿನ ಹೆಸರು ಬಹುಪಾಲು ಪಹಣಿಗಳಲ್ಲಿಲ್ಲ. ಗುತ್ತಿಗೆಗೋ ಪಾಲಿಗೋ ಹೊಲ ಮಾಡುವವನದೂ ಇಲ್ಲ. 1974ರಿಂದ ಗೇಣಿ ಕಾನೂನುಬಾಹಿರ. ಒಳ್ಳೆಯ ಉದ್ದೇಶದ ಕಾನೂನೇ, ಆದರೆ ಈಗ ಗುತ್ತಿಗೆ ಬರೀ ಬಾಯಿಮಾತಿನಲ್ಲಿ ನಡೆಯುತ್ತದೆ. ಬರ ಬಂದರೆ ಪರಿಹಾರ ಫ್ರೂಟ್ಸ್ ಐಡಿಗೆ (ಸರ್ಕಾರದ ರೈತ ನೋಂದಣಿ ಸಂಖ್ಯೆಗೆ) ಜೋಡಿಸಿದ ಖಾತೆಗೆ, ಅಂದರೆ ಜಮೀನಿನ ಒಡೆಯನ ಖಾತೆಗೆ ಜಮೆಯಾಗುತ್ತದೆ. ಆತ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ನೌಕರಿಯಲ್ಲಿರಬಹುದು. ಬೀಜ, ಗೊಬ್ಬರಕ್ಕೆ ಕೈಸಾಲ ಮಾಡಿದವನಿಗೆ ತಾಲ್ಲೂಕು ಕಚೇರಿಯಲ್ಲಿ ತೋರಿಸಲು ಒಂದು ಚೀಟಿಯೂ ಇರುವುದಿಲ್ಲ. ಕೂಲಿಯವರ ಮಾತಂತೂ ಸಭೆಗಳಲ್ಲಿ ಬರುವುದು ಆಳು ಸಿಗುತ್ತಿಲ್ಲ ಎಂಬ ದೂರಾಗಿ ಮಾತ್ರ.

ಕೂಲಿ ಮತ್ತು ಬೆಳೆಯ ಬೆಲೆ ಒಂದಕ್ಕೊಂದು ಎದುರು ಎಂಬ ವಾದ ಕೇಳಿದ್ದೇನೆ. ಆದರೆ ಬೆಲೆ ಬಿದ್ದ ವರ್ಷ ಮೊದಲು ಕಡಿತವಾಗುವುದು ಕೂಲಿಯೇ. ಸಾಹಿತಿ ದೇವನೂರ ಮಹಾದೇವ ಮತ್ತು ದರ್ಶನ್ ಅವರ ತಂದೆ, ರೈತ ನಾಯಕ ಕೆ.ಎಸ್. ಪುಟ್ಟಣ್ಣಯ್ಯ ಸರ್ವೋದಯ ಕರ್ನಾಟಕದಲ್ಲಿ ಒಟ್ಟಿಗೆ ನಿಂತು ದಲಿತ, ರೈತ ಚಳವಳಿಗಳನ್ನು ಕೂಡಿಸಲು ನೋಡಿದ್ದರು. ಆ ಕೆಲಸ ಅರ್ಧಕ್ಕೇ ಉಳಿದಿದೆ.

ನರಗುಂದ, ನವಲಗುಂದದಲ್ಲಿ ಮಡಿದ ರೈತರ ನೆನಪಿಗೆ ಜುಲೈ 21ರಂದು ಹುತಾತ್ಮ ದಿನ ಆಚರಿಸುವ ತಾಲ್ಲೂಕು ಅಧ್ಯಕ್ಷರೇ, ಈ ಸಲ ವೇದಿಕೆಯ ಅರ್ಧ ಕುರ್ಚಿಗಳನ್ನು ಹೆಂಗಸರಿಗೆ, ಗುತ್ತಿಗೆ ರೈತರಿಗೆ, ಕೂಲಿಯವರಿಗೆ ಬಿಡಿ. ಸದಸ್ಯತ್ವದ ರಸೀದಿ ಪುಸ್ತಕ ಹಿಡಿದು ಅವರ ಕೇರಿಗೆ ಮೊದಲು ಹೋಗಿ.