ಹುಟ್ಟಿದ ಮನೆಯೇ ಅಪರಾಧವಾದಾಗ

ಹಾಸನದಿಂದ ಬೇಲೂರಿಗೆ ಹೋಗುವ ಬಸ್ಸು ಹಗರೆಯಲ್ಲಿ ನಿಂತಾಗ ಹಳೇಬೀಡಿನ ಪ್ರಯಾಣಿಕರು ಇಳಿದುಕೊಳ್ಳುತ್ತಾರೆ. ಶಾಲಾ ಪ್ರವಾಸದ ಮಕ್ಕಳಿಗೆ ಈ ಸೀಮೆಯೆಂದರೆ ಶಿಲಾಬಾಲಿಕೆಯರು, ಅಷ್ಟೇ. ಇದೇ ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯಲ್ಲಿ ಹಕ್ಕಿಪಿಕ್ಕಿಗಳ ಕಾಲೋನಿಯೂ ಇದೆ.

ಹಕ್ಕಿ ಹಿಡಿಯುವುದು ಇವರ ಕುಲಕಸುಬು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೆ ಕಡಿವಾಣ ಹಾಕಿತು. ಗಿಡಮೂಲಿಕೆ, ಎಣ್ಣೆ ಮಾರುತ್ತ ಊರೂರು ಸುತ್ತಿದರು; ಕೆಲವರು ಆಫ್ರಿಕಕ್ಕೂ ಹೋದರು. 2023ರ ಏಪ್ರಿಲ್‌ನಲ್ಲಿ ಸೂಡಾನಿನ ಕಾಳಗದಲ್ಲಿ ಸಿಕ್ಕಿಬಿದ್ದ ಕನ್ನಡಿಗರಲ್ಲಿ ಹುಣಸೂರು, ಚನ್ನಗಿರಿ ಕಡೆಯ ಹಕ್ಕಿಪಿಕ್ಕಿಗಳಿದ್ದರು. ಇವರು ಮಕ್ಕಳಿಗೆ ಹೈಕೋರ್ಟ್, ಜಪಾನ್ ಎಂದು ಹೆಸರಿಡುವುದನ್ನು ಪತ್ರಿಕೆಗಳು ನಗುನಗುತ್ತ ಬರೆದಿವೆ. ಸಂತೆಯಲ್ಲಿ ಯಾರದೋ ಪರ್ಸು ಕಳೆದರೆ ಜನರ ಕಣ್ಣು ಮೊದಲು ಅಲೆಮಾರಿಯ ಡೇರೆಯತ್ತ ಹೊರಳುವುದನ್ನು ಬರೆದದ್ದು ಕಡಿಮೆ.

ಈ ಅನುಮಾನಕ್ಕೆ ಕಾನೂನಿನ ಮುದ್ರೆ ಒತ್ತಿದವರು ಬ್ರಿಟಿಷರು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇಡೀ ಸಮುದಾಯಗಳನ್ನೇ ಹುಟ್ಟು ಅಪರಾಧಿಗಳೆಂದು ಪಟ್ಟಿ ಮಾಡಲು ದಾರಿ ತೆಗೆಯಿತು. ಪಟ್ಟಿಗೆ ಸೇರಿದವರು ಪೊಲೀಸರಿಗೆ ಹಾಜರಿ ಕೊಡಬೇಕಿತ್ತು. ಮುಂದೆ ಹುಬ್ಬಳ್ಳಿಯಂಥ ಕಡೆ ಅವರನ್ನು 'ಸೆಟ್ಲಮೆಂಟು'ಗಳಲ್ಲಿ ಕೂಡಿಹಾಕಿದರು. 1952ರಲ್ಲಿ ಕಾಯ್ದೆ ರದ್ದಾಯಿತು. 'ವಿಮುಕ್ತ' ಎಂಬ ಹೆಸರು ಬಂತು. ಆದರೂ 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು ಜೈಲು ರಿಜಿಸ್ಟರಿನ ಜಾತಿ ಕಾಲಂ ತೆಗೆಯಿರಿ, ವಿಮುಕ್ತರನ್ನು ಹುಟ್ಟಿನ ಕಾರಣಕ್ಕೆ ರೂಢಿಗತ ಅಪರಾಧಿಗಳೆನ್ನಬೇಡಿ ಎಂದು ಹೇಳಬೇಕಾಯಿತು. ನಡುವೆ 72 ವರ್ಷ!

ಇಂಥದೇ ಕಳಂಕ ಹೊತ್ತವರು ಯೂರೋಪಿನ ರೋಮಾ ಜನ. ಜಿಪ್ಸಿಗಳೆಂದು ಕರೆದದ್ದು ಇವರನ್ನೇ. ಇವರ ಪೂರ್ವಿಕರು ಸುಮಾರು 1000 ವರ್ಷಗಳ ಹಿಂದೆ ಭಾರತದಿಂದ ಹೋದವರು. ನೀರಿಗೆ 'ಪಾನಿ', ಕಿವಿಗೆ 'ಕಾನ್', ಮನುಷ್ಯನಿಗೆ 'ಮನುಷ್' ಎಂದು ಈಗಲೂ ಅನ್ನುತ್ತಾರೆ. ಆ ಮನುಷ್ಯರನ್ನು ನಾಜಿಗಳು ಲಕ್ಷಗಟ್ಟಲೆ ಕೊಂದರು. 1944ರ ಆಗಸ್ಟ್ 2ರ ಒಂದೇ ರಾತ್ರಿ ಆಶ್ವಿಟ್ಜ್ ಶಿಬಿರದಲ್ಲಿ 4000ಕ್ಕೂ ಹೆಚ್ಚು ಜನರನ್ನು ವಿಷಾನಿಲಕ್ಕೆ ದೂಡಿದರು. ಪಶ್ಚಿಮ ಜರ್ಮನಿ ಅದನ್ನು ಜನಾಂಗಹತ್ಯೆ ಎಂದು ಒಪ್ಪಿಕೊಂಡದ್ದು 1982ರಲ್ಲಿ.

ಪಾಲಕರು ಗಮನಿಸಬೇಕಾದ ಮೊಕದ್ದಮೆಯೊಂದಿದೆ. ಜೆಕ್ ದೇಶದ ಓಸ್ಟ್ರಾವಾದಲ್ಲಿ ರೋಮಾ ಮಕ್ಕಳನ್ನು ಬುದ್ಧಿಮಾಂದ್ಯರ ಶಾಲೆಗಳಿಗೆ ಕಳಿಸುತ್ತಿದ್ದರು. 18 ಮಕ್ಕಳ ಪರವಾಗಿ ದಾವೆ ನಡೆದು, 2007ರಲ್ಲಿ ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಇದು ತಾರತಮ್ಯವೆಂದಿತು. ಬುದ್ಧಿಮತ್ತೆ ಅಳೆದ ಪರೀಕ್ಷೆಗಳೇ ಆ ಮಕ್ಕಳ ಭಾಷೆ, ಬದುಕನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಹಕ್ಕಿಪಿಕ್ಕಿ ಮಗುವಿನ ಮನೆಮಾತು ವಾಗ್ರಿ. ಗುಜರಾತಿಗೆ ಹತ್ತಿರದ ನುಡಿ. ಒಂದನೇ ತರಗತಿಯಲ್ಲಿ ಕನ್ನಡವೇ ಅದಕ್ಕೆ ಹೊಸದು. ಅಪ್ಪ ಅಮ್ಮ ತಿಂಗಳುಗಟ್ಟಲೆ ವ್ಯಾಪಾರಕ್ಕೆ ಹೊರಟರೆ ಹಾಜರಿಯೂ ತಪ್ಪುತ್ತದೆ. ಸುಮ್ಮನೆ ನಿಂತ ಮಗುವಿಗೆ ತಿಳಿಯದ್ದು ಉತ್ತರವೋ, ಪ್ರಶ್ನೆಯ ಭಾಷೆಯೋ ಎಂದು ವಿಚಾರಿಸುವ ಮೇಷ್ಟ್ರು ಎಷ್ಟು ಮಂದಿ?